ಭೈರಮ್ಮ ದೆವ್ವವಾದದ್ದು

ತಾನು ಸತ್ತು ಇಪ್ಪತ್ತು ವರ್ಷವಾಯಿತೆಂಬುದು ಭೈರಮ್ಮನಿಗೆ ಗೊತ್ತಾದದ್ದು ಎದುರುಮನೆಯ ಶಾಂತಕುಮಾರಿಯ ಬಾಗಿಲಲ್ಲಿ.

ಶಾಂತಕುಮಾರಿಯ ಮಗಳು ಶಿಲ್ಪ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಿಪಟೂರಿನ ಆ ಓಣಿಯಲ್ಲಿ ನಲವತ್ತು ವರ್ಷದಿಂದ ಹುಟ್ಟಿದ ಕೂಸುಗಳೆಲ್ಲ ಭೈರಮ್ಮನ ನೀಡಿದ ಕಾಲ ಮೇಲೆಯೇ ನೀರು ಹಾಕಿಸಿಕೊಂಡಿದ್ದವು. ಶಿಲ್ಪಳೂ ಹಾಗೇ ದೊಡ್ಡವಳಾದವಳು. ಭೈರಮ್ಮ ಸೆರಗು ಸಿಕ್ಕಿಸಿ, ಹರಳೆಣ್ಣೆ ಬಟ್ಟಲು ಹಿಡಿದು ಹೋದರೆ ಶಾಂತಕುಮಾರಿ ಹೊಸಿಲಿಗೆ ಅಡ್ಡ ನಿಂತಳು.

“ಬ್ಯಾಡ ಕಣವ್ವ. ಡಾಕ್ಟ್ರು ಎಣ್ಣೆ ಹಚ್ಚಬ್ಯಾಡಿ ಅಂದವ್ರೆ.”

“ಎಣ್ಣೆ ಬ್ಯಾಡ ಬುಡು. ನೀರೂ ಬ್ಯಾಡ ಅಂದ್ರಾ?”

ಶಾಂತಕುಮಾರಿ ಕಾಲ್ಬೆರಳು ನೋಡಿಕೊಂಡಳು. “ಶಿಲ್ಪ ಒಂದು ಪುಸ್ತಕ ಓದವ್ಳೆ. ಅದ್ರಲ್ಲಿ ನೀನು ಇಪ್ಪತ್ತು ವರ್ಷದ ಹಿಂದೇನೇ ಸತ್ತೋಗಿದ್ದೀಯ. ಸತ್ಮೇಲೆ ಮಕ್ಕಳನ್ನ...”

“ಹೆಸ್ರೂ ನಂದೇನಾ?”

“ಹೆಸ್ರೂ ನಿಂದೇ. ನೀನು ಟಿಕೆಟ್ ಹರೀತಿದ್ದ ಟಾಕೀಸೂ ಅದೇ.”

ಭೈರಮ್ಮ ಎಣ್ಣೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಬೇರೆ ಯಾವ ಮಾತಾದರೂ ಅವಳು ನಕ್ಕುಬಿಡುತ್ತಿದ್ದಳು. ಆದರೆ ಒಂದು ಬಾಗಿಲು ಮುಚ್ಚಿದರೆ ಓಣಿಯ ಉಳಿದ ಬಾಗಿಲುಗಳೂ ಮುಚ್ಚುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಕೂಸುಗಳಿಲ್ಲದ ಬೆಳಗನ್ನು ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಅವಳು ಆ ಟಾಕೀಸಿನ ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿದವಳು. ಒಮ್ಮೆ ದೆವ್ವದ ಸಿನಿಮಾ ಬಂದಾಗ ಹೆಂಗಸರು ಹೆದರಿ, ಮಕ್ಕಳನ್ನು ಎಳೆದುಕೊಂಡು ಬಾಗಿಲಿಗೆ ನುಗ್ಗಿದ್ದರು. ಭೈರಮ್ಮ ಟಾರ್ಚನ್ನು ತನ್ನ ಮುಖಕ್ಕೇ ಬಿಟ್ಟುಕೊಂಡು, “ನನ್ನ ನೋಡ್ರವ್ವ, ಅದಕ್ಕಿಂತ ನಾನೇನು ಚೆನ್ನಾಗಿದ್ದೀನಾ?” ಎಂದಳು. ಎಲ್ಲರೂ ನಕ್ಕು ವಾಪಸ್ ಕೂತರು. ಎರಡು ವರ್ಷದ ಹಿಂದೆ ತಿಲಕ್ ಎಂಬ ಕಾದಂಬರಿಕಾರ ಅವಳ ಜಗಲಿಯಲ್ಲಿ ಎರಡು ದಿನ ಕೂತು, ಟೀ ಕುಡಿದು, ಈ ಕತೆಯನ್ನು ಬರೆದುಕೊಂಡು ಹೋಗಿದ್ದ. ಅವನ ಪುಸ್ತಕದಲ್ಲಿ ಯಾರೂ ನಕ್ಕಿರಲಿಲ್ಲ. ನೋಡಿದವರನ್ನು ಹುಚ್ಚರನ್ನಾಗಿಸುವ ಒಂದು ಸಿನಿಮಾ. ಮಕ್ಕಳ ಮೂಳೆಗಳನ್ನು ಲೊಡಲೊಡ ಅಲ್ಲಾಡಿಸುತ್ತ ಬಾಲ್ಕನಿಯಲ್ಲಿ ಓಡಾಡುವ, ಟಿಕೆಟ್ ಹರಿಯುವ ಮುದುಕಿ. ರಕ್ಷಾಪುಟದ ಮೇಲೆ ‘ಸತ್ಯ ಘಟನೆ’ ಎಂದು ಕೆಂಪಕ್ಷರ.

ಇಂಥ ಪುಸ್ತಕ ಓದುವವರದೇ ಒಂದು ವಾಟ್ಸಾಪ್ ಗುಂಪಿತ್ತು, ಶಿಲ್ಪ ಅದರಲ್ಲಿದ್ದಳು. ‘ನೋಡಿದವರಿಗೆ ಕೇಡು ತರುವ ಸಿನಿಮಾದ ಬಗ್ಗೆ ಬರೆದವರಲ್ಲಿ ಯಾರನ್ನು ಓದಲಿ?’ ಎಂದು ಒಬ್ಬರು ಕೇಳಿದರೆ ನೂರು ಜನ ತಿಲಕನ ಹೆಸರು ಹೇಳುತ್ತಿದ್ದರು. ಮೂರು ದಿನ ಅನ್ನ ಸೇರಲಿಲ್ಲ, ಎಲ್ಲರೂ ಓದಲೇಬೇಕು ಎಂದು ಒಬ್ಬ. ನನಗೆ ಜ್ವರವೇ ಬಂತು ಎಂದು ಇನ್ನೊಬ್ಬ, ಅವನನ್ನು ಮೀರಿಸಲಿಕ್ಕೆ. ಹೊಟ್ಟೆ ಕೆಡಿಸಿದ ಹೋಟೆಲನ್ನು ಯಾರೂ ಹೀಗೆ ಹೊಗಳಿದ್ದಿಲ್ಲ.

ಭಾನುವಾರ ಮಧ್ಯಾಹ್ನ ಆ ಗುಂಪಿನ ಹನ್ನೆರಡು ಜನ ತಿಲಕನನ್ನು ಮುಂದಿಟ್ಟುಕೊಂಡು ಟಾಕೀಸು ನೋಡಲು ಬಂದರು. ಎಲ್ಲರದೂ ಕಪ್ಪು ಅಂಗಿ, ಬಿಸಿಲಿಗೆ ಬೆನ್ನೆಲ್ಲ ಬೆವರು. ಟಾಕೀಸು ಮುಚ್ಚಿ ಈಗ ಕೊಬ್ಬರಿ ವರ್ತಕರ ಗೋದಾಮಾಗಿದೆ. ಬಾಲ್ಕನಿಯೇ ಅಟ್ಟ, ಅಲ್ಲಿ ವರ್ಷಗಟ್ಟಲೆ ಒಣಗುವ ಕಾಯಿಯ ರಾಶಿ. ರಾಶಿಯೊಳಗೆ ಇಲಿ ಓಡಿತು. ಲೊಡಲೊಡ ಸದ್ದಾಯಿತು. ಹನ್ನೆರಡು ಫೋನುಗಳು ಮೇಲೆದ್ದವು.

“ಕೇಳಿಸಿಕೊಳ್ಳಿ,” ಎಂದ ತಿಲಕ್, ದನಿ ತಗ್ಗಿಸಿ. “ಇದೇ ಅವಳು.”

“ಅವಳು ಇಲ್ಲೇ ಅವ್ಳೆ ಕಣಪ್ಪ,” ಎಂದಳು, ಅವರ ಹಿಂದೆಯೇ ಒಳಗೆ ಬಂದಿದ್ದ ಭೈರಮ್ಮ.

ಕಪ್ಪಂಗಿಗಳು ಒಟ್ಟಿಗೆ ತಿರುಗಿದವು. ಒಬ್ಬಳು ಕಿರುಚಿಯೇ ಬಿಟ್ಟಳು. ತಿಲಕ್ ಬಿಳಿಚಿಕೊಂಡು, ಆಮೇಲೆ ನಕ್ಕ. “ಅವ್ವಾ, ಅದು ಕಲ್ಪನೆ.”

“ಸತ್ಯ ಅಂತ ಅಚ್ಚು ಹಾಕ್ಸಿದ್ದೀಯಂತಲ್ಲ.”

“ಅದು ಪ್ರಕಾಶಕರು...”

ಭೈರಮ್ಮ ವಾದಕ್ಕೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ, ರಾಶಿಯಿಂದ ಒಂದು ಕಾಯಿ ಆರಿಸಿ ತಂದು, ಅವನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಲೊಡಲೊಡ. “ಏನಪ್ಪ ಇದು?”

ತಿಲಕ್ ಎಷ್ಟಾದರೂ ತುರುವೇಕೆರೆ ಕಡೆಯ ತೋಟದ ಮನೆಯವನು, ಕೊಬ್ಬರಿ ಅಟ್ಟದ ಕೆಳಗೆ ಹುಟ್ಟಿದವನು. ಅವನ ಕೈ ಅವನನ್ನು ಕೇಳದೆ ಕಾಯಿಯನ್ನು ಇಸಿದುಕೊಂಡಿತು. ತಲೆ ಓರೆ ಮಾಡಿ, ಇನ್ನೊಮ್ಮೆ ಅಲ್ಲಾಡಿಸಿ, ಅಪ್ಪನ ಮುಂದೆ ಹೇಳುತ್ತಿದ್ದಂತೆಯೇ ಹೇಳಿದ: “ಕೊಬ್ರಿ ಆಗೈತೆ ಕಣವ್ವ. ಕರಟ ಬಿಟ್ಟೈತೆ. ಇನ್ನು ಸುಲಿಸ್ಬೋದು.”

ಹೇಳಿದ ಮೇಲೆ ಅವನಿಗೆ ಫೋನುಗಳು ಕಂಡವು.

“ಹೂಂ,” ಎಂದಳು ಭೈರಮ್ಮ. “ಹನ್ನೆರಡು ಜನ ಅವ್ರೆ, ಸುಲಿಸು.”

ಆ ಫೋನುಗಳಲ್ಲಿ ಒಂದು, ಇದನ್ನೆಲ್ಲ ಗುಂಪಿಗೆ ನೇರವಾಗಿ ತೋರಿಸುತ್ತಿತ್ತು. ಶಿಲ್ಪ ಮನೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಶಾಂತಕುಮಾರಿ ಬಂದು ಭೈರಮ್ಮನ ಬಾಗಿಲು ತಟ್ಟಿದಳು. “ನೀರು ಕಾದೈತೆ ಕಣವ್ವ,” ಎಂದಳು.

“ಡಾಕ್ಟ್ರು ಇವತ್ತೇನಂದ್ರು?” ಎಂದು ಕೇಳುತ್ತಲೇ ಭೈರಮ್ಮ ಎಣ್ಣೆ ಬಟ್ಟಲು ತೆಗೆದುಕೊಂಡಳು.

ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡಳು. ಶಿಲ್ಪ ಗೋಡೆಗೊರಗಿ ನಿಂತಿದ್ದಳು. ಮುಖ ಎತ್ತಿ ನೋಡಲು ಅವಳಿಗಾಗಲಿಲ್ಲ.

“ಅಜ್ಜಿ, ಗುಂಪ್ನಲ್ಲಿ ಪುಸ್ತಕ ಇನ್ನೂ ಭಯಂಕರ ಅಂತಾವ್ರೆ,” ಎಂದಳು. “ಬರೆದೋರಿಗೇ ಮೂಳೆ ಕೊಬ್ರಿ ಅನ್ಸೋ ಹಂಗೆ ದೆವ್ವ ಮೋಸ ಮಾಡ್ತಂತೆ.”

“ನೀನೇನಂದೆ?”

“ಗುಂಪು ಬಿಟ್ಟೆ.”

ಭೈರಮ್ಮ ಒಂದು ಚೊಂಬು ನೀರು ಸುರಿದಳು. ಮಗು ಮುಷ್ಟಿ ಬಿಗಿದು, ಮೈಯೆಲ್ಲ ಕೆಂಪಾಗಿ ಅತ್ತಿತು.

“ಅಳು ಕಣಪ್ಪ, ಅಳು,” ಎಂದು ಅದರ ಬೆನ್ನು ನೀವಿದಳು. “ಇವರೆಲ್ಲರ ಪೈಕಿ ನಿಜವಾಗ್ಲೂ ಹೆದ್ರಿರೋನು ನೀನೊಬ್ನೇ.”