ಮನೆ ವಿಳಾಸ ಯಾರಿಗೆ ಕಾಣಬೇಕು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪ ಭದ್ರಾವತಿಯ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರು. ಎರಡು ವಿಷಯ ಫೇಲಾಗಿ, ಮತ್ತೆ ಕಟ್ಟಿ ಪಾಸು ಮಾಡಿದವಳು ನಾನು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಅದು ಒಂಟಿ ಕೆಲಸ. ನನ್ನ ಕೋಣೆ ಎಕ್ಸ್‌ರೇ ವಿಭಾಗದ ಹಿಂದೆ. ಕಂಪ್ಯೂಟರ್ ಕೆಟ್ಟರೆ ಫೋನ್ ಬರುತ್ತದೆ. ಕೆಡದಿದ್ದರೆ ನಾನಿದ್ದೇನೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಕುಂಸಿಯಲ್ಲಿ ಅಣ್ಣನ ಜೊತೆ ಇದ್ದಾರೆ, ನಾನು ಭದ್ರಾವತಿಯಲ್ಲೇ ಬಾಡಿಗೆ ಕೋಣೆಯಲ್ಲಿ. ಸಂಜೆ "ಸಾಪ್ಟಿಯಾಮ್ಮಾ?" ಎಂದು ತಮಿಳಿನಲ್ಲಿ ಊಟ ವಿಚಾರಿಸುವ ಓನರ್ ಅಜ್ಜಿಯನ್ನು ಬಿಟ್ಟರೆ ಮಾತಿಗೆ ಸಿಗುತ್ತಿದ್ದವರು ಒಬ್ಬರೇ: ನಮ್ಮದೇ ಆಸ್ಪತ್ರೆಯ ಮಕ್ಕಳ ವಾರ್ಡಿನ ನರ್ಸ್. ದಿನಾ ಒಂದೇ ಬಸ್ಸು. ನಾನು ಅವರನ್ನು ಅಕ್ಕಾ ಅನ್ನುತ್ತಿದ್ದೆ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅಕ್ಕ ದನಿ ತಗ್ಗಿಸಿ ಕೇಳಿದರು: "ಮಾರಾಯ್ತಿ, ಆಸ್ಪತ್ರೆ ಕಂಪ್ಯೂಟರಲ್ಲಿ ನಮ್ಮ ಮನೆ ಅಡ್ರೆಸ್ ಯಾರ್ ಬೇಕಾದ್ರೂ ನೋಡಬೋದಾ?"

"ಸ್ಟಾಫ್ ಎಲ್ರೂ ನೋಡಬೋದು ಅಕ್ಕಾ. ಮದುವೆಗೆ ಮನೆಗೇ ಹೋಗಿ ಕರೀಬೇಕಲ್ಲ, ಅದಕ್ಕೇ ಓಪನ್ ಇಟ್ಟಿದಾರೆ."

ಅಕ್ಕ ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದಿದ್ದರು. ಭದ್ರಾವತಿಯ ಹೊಸ ವಿಳಾಸ ಸಿಬ್ಬಂದಿ ವಿಭಾಗದವರು ಆಗಲೇ ಕಂಪ್ಯೂಟರಿಗೆ ಏರಿಸಿದ್ದರು.

"ಔಷಧಿ ಕೌಂಟರಲ್ಲಿದಾನಲ್ಲ, ಅವನು ನಮ್ಮನೆಯವ್ರ ಚಿಕ್ಕಪ್ಪನ ಮಗ ಕಣೇ. ಅವನು ನೋಡಿದ್ರೆ ಸಂಜೆಗೆ ಇವರು ಬಾಗ್ಲಲ್ಲಿ ನಿಂತಿರ್ತಾರೆ."

ನೌಕರರ ಹೆಸರು, ಫೋನು, ವಿಳಾಸ ಎಲ್ಲ ಇರುವುದು ಡೈರೆಕ್ಟರಿ ಸರ್ವರಿನಲ್ಲಿ. ಯಾರು ಏನನ್ನು ನೋಡಬಹುದು ಎಂಬ ನಿಯಮ ಬರೆಯುವವಳು ನಾನೇ. ಅಕ್ಕನದೊಂದನ್ನೇ ಮುಚ್ಚಿದರೆ ಅದೇ ಸುದ್ದಿಯಾಗುತ್ತದೆ. ಎಲ್ಲರ ವಿಳಾಸವನ್ನೂ ಮುಚ್ಚೋಣವೆಂದು ಆಡಳಿತಾಧಿಕಾರಿಯನ್ನು ಕೇಳಿದೆ.

"ಕಾರ್ಡ್ ಹಂಚೋರು ನನ್ನ ತಲೆ ತಿಂತಾರಲ್ಲಮ್ಮ."

"ಡ್ಯೂಟೀಲೇ ಕೊಡ್ಲಿ ಸರ್."

"ಡ್ಯೂಟೀಲಿ ಕೊಟ್ಟ ಕಾರ್ಡಿಗೆ ಯಾರಮ್ಮ ಮದುವೆಗೆ ಹೋಗ್ತಾರೆ?" ಎಂದು ನಕ್ಕು, ಒಪ್ಪಿದರು.

ವಿಳಾಸವನ್ನು ಅವರವರು ಮತ್ತು ಸಿಬ್ಬಂದಿ ವಿಭಾಗದವರು ಮಾತ್ರ ಓದಬಹುದು ಎಂದು ಹೊಸ ನಿಯಮ ಬರೆದೆ. ಬರೆದರೆ ಸಾಲದು, ಪರೀಕ್ಷಿಸಬೇಕು. ಅದಕ್ಕೊಂದು ಕಮಾಂಡ್ ಇದೆ. ಇಂಥವರು ಇಂಥವರ ವಿಳಾಸ ಓದಬಹುದೇ ಎಂದು ಟೈಪ್ ಮಾಡಿದರೆ, ವಿಳಾಸವನ್ನು ತೋರಿಸದೆ, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಬರುತ್ತದೆ. ಯಾರ ಪಾಸ್‌ವರ್ಡೂ ಬೇಡ. ಮೊದಲು ಔಷಧಿ ಕೌಂಟರಿನವನ ಹೆಸರು ಹಾಕಿದೆ.

ಓದಬಹುದು ಎಂದಿತು.

ಮತ್ತೆ ಹಾಕಿದೆ, ಅದೇ ಉತ್ತರ. ಆಮೇಲೆ ಹೊಳೆಯಿತು. ಸರ್ವರ್ ನಿಯಮಗಳನ್ನು ಮೇಲಿನಿಂದ ಓದುತ್ತಾ ಬರುತ್ತದೆ. ಮೊದಲು ಹೊಂದಿಕೆಯಾದ ನಿಯಮಕ್ಕೇ ನಿಂತುಬಿಡುತ್ತದೆ, ಕೆಳಗಿನದನ್ನು ನೋಡುವುದೇ ಇಲ್ಲ. ಹೊಸಬರು ಸಾಲಿನ ಹಿಂದೆ ನಿಲ್ಲಬೇಕೆಂಬ ರೂಢಿಯಲ್ಲಿ ನಾನು ಹೊಸ ನಿಯಮವನ್ನು ಕೊನೆಗೆ ಸೇರಿಸಿದ್ದೆ. ಮೇಲುಗಡೆ ಹಳೆಯದು ಕೂತಿತ್ತು: ಸ್ಟಾಫ್ ಎಲ್ಲರೂ ಎಲ್ಲವನ್ನೂ ನೋಡಬಹುದು.

ಹೊಸದನ್ನು ಮೇಲಕ್ಕೆ ತಂದು, ಸರ್ವರನ್ನು ಮತ್ತೆ ಶುರು ಮಾಡಿ ಕೇಳಿದೆ. ಓದುವಂತಿಲ್ಲ. ಡಾಕ್ಟರರ ಹೆಸರಲ್ಲಿ ಕೇಳಿದೆ, ವಾಚ್‌ಮನ್ ಹೆಸರಲ್ಲಿ, ಕ್ಯಾಂಟೀನಿನವರ ಹೆಸರಲ್ಲಿ, ಯಾರ ಹೆಸರೂ ಇಲ್ಲದ ಅನಾಮಿಕಳಾಗಿಯೂ ಕೇಳಿದೆ. ಯಾರಿಗೂ ಇಲ್ಲ. ಮಧ್ಯಾಹ್ನದ ಊಟಕ್ಕೂ ಎದ್ದಿರಲಿಲ್ಲ. ಅಷ್ಟು ಜನರ ಹೆಸರು ಟೈಪ್ ಮಾಡಿದ ಆ ದಿನ, ಒಬ್ಬರೂ ನನ್ನ ಬಾಗಿಲಿಗೆ ಬಂದಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಹೇಳಿದೆ. "ಇನ್ನು ಕಾಣಲ್ಲ ಅಕ್ಕಾ. ಅವನ ಹೆಸರಲ್ಲೇ ಕೇಳಿ ನೋಡಿದೀನಿ."

"ನಿಂಗೆ?"

ಸರ್ವರಿನ ಒಡೆತನದ ಖಾತೆ ನನ್ನ ಕೈಲಿದೆ, ಅದಕ್ಕೆ ಯಾವ ನಿಯಮವೂ ತಾಗುವುದಿಲ್ಲ. "ನಂಗೆ ಕಾಣ್ಸುತ್ತೆ," ಎಂದೆ.

"ನೋಡಿದ್ಯಾ?"

"ಇಲ್ಲ."

"ನೋಡ್ಬೇಡ ಕಣೇ. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಯಾರಾದ್ರೂ ಕೇಳಿದ್ರೆ ಮುಖದಲ್ಲೇ ಬರೆದಿರುತ್ತೆ."

ಆಯ್ತು ಎಂದೆ. ಅಕ್ಕ ನನಗಿಂತ ಒಂದು ಸ್ಟಾಪು ಮುಂಚೆ ಇಳಿಯುತ್ತಿದ್ದರು. ಅಲ್ಲಿಂದ ಯಾವ ಕಡೆ ತಿರುಗುತ್ತಾರೆಂದು ಕಿಟಕಿಯಿಂದಲೂ ನೋಡುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಔಷಧಿ ಕೌಂಟರಿನವನು ತಂಗಿಯ ಮದುವೆಯ ಕಾರ್ಡು ಹಿಡಿದು ನನ್ನ ಕೋಣೆಗೇ ಬಂದ.

"ಮೇಡಂ, ನಮ್ಮ ಅತ್ತಿಗೆ ಮನೆ ಎಲ್ಲಿ ಅಂತ ಹೇಳಿ ಮಾರಾಯ್ರೆ. ವಾರ್ಡಲ್ಲಿ ಕಾರ್ಡ್ ಕೊಟ್ರೆ ಮರ್ಯಾದೆನಾ?"

"ನಂಗೊತ್ತಿಲ್ಲ."

"ಇಡೀ ಆಸ್ಪತ್ರೆ ನಿಮ್ಮ ಕೈಲಿದೆ, ದಿನಾ ಒಂದೇ ಬಸ್ಸಲ್ಲಿ ಬೇರೆ ಹೋಗ್ತೀರಂತೆ. ಗೊತ್ತಿಲ್ವಾ?"

"ನಿಜವಾಗ್ಲೂ ಗೊತ್ತಿಲ್ಲ."

ನನ್ನ ಮುಖವನ್ನೇ ನೋಡುತ್ತಾ ನಿಂತ. ಹುಡುಕಿದ್ದು ಸಿಗಲಿಲ್ಲವೇನೋ, ಹೋದ.

ಸಂಜೆ ಇದನ್ನು ಅಕ್ಕನಿಗೆ ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಅಕ್ಕ ಹೆಮ್ಮೆಪಡಲಿಲ್ಲ.

"ಬಸ್ಸು ಗೊತ್ತಾಯ್ತಲ್ಲೇ ಅವನಿಗೆ. ಬಸ್ಸಿಗೂ ಒಂದು ರೂಲ್ ಬರೀತೀಯಾ?" ಎಂದು ನಕ್ಕರು.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಬೇರೆ ಊರಿಗೆ ಹೋಗುತ್ತಾರೋ, ಅದೇ ಮನೆಯಲ್ಲಿ ಇರುತ್ತಾರೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಫೋನ್ ನಂಬರನ್ನೂ ಬದಲಾಯಿಸಿದರು. ಅವರ ಖಾತೆ ಅಳಿಸಿ ಎಂದು ಸಿಬ್ಬಂದಿ ವಿಭಾಗದಿಂದ ಮೇಲ್ ಬಂತು.

ಅಳಿಸುವ ಕಮಾಂಡಿಗೆ ಹೆಸರು ಸಾಕು, ವಿಳಾಸ ಬೇಕಿಲ್ಲ. ಹೆಸರು ಟೈಪ್ ಮಾಡಿದೆ. ನೋಡಿಕೊಂಡಿದ್ದರೆ ಒಂದು ಭಾನುವಾರ ಹೋಗಿ ಬಾಗಿಲು ತಟ್ಟಬಹುದಿತ್ತು. ನೋಡದೆ ಅಳಿಸಿದೆ. ಕೆಲಸದ ಅಭ್ಯಾಸದಂತೆ, ಹೋಗಿದೆಯೋ ಇಲ್ಲವೋ ಎಂದು ಅವರ ಹೆಸರು ಹಾಕಿ ಮತ್ತೊಮ್ಮೆ ಕೇಳಿದೆ. ಆ ಹೆಸರಿನವರು ಯಾರೂ ಇಲ್ಲ ಎಂದು ಉತ್ತರ ಬಂತು.