ಟವೆಲ್ ಕೆಳಗಿನ ಲಿನಕ್ಸ್

1998ರ ಜುಲೈ 14, ಮಂಗಳವಾರ. ಮೋಡ ಕವಿದಿತ್ತು, ಮಳೆ ಬರಲಿಲ್ಲ. ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡಿಸುವ ಕೃಷ್ಣಪ್ಪನವರಿಗೆ ನಮ್ಮ ಅಂಗಡಿಯ ಕಂಪ್ಯೂಟರ್ ಕೂರಿಸಲು ಹೋಗಿದ್ದೆ. ಒಂದೇ ಸಿ.ಡಿ.ಯಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್, ಅದರ ಜೊತೆಗೆ ಲೆಕ್ಕ ಇಡಲು, ಪತ್ರ ಬರೆಯಲು, ಚಿತ್ರ ಬಿಡಿಸಲು ನೂರಾರು ಪ್ಯಾಕೇಜುಗಳು. ಪೆಟ್ಟಿಗೆಗಷ್ಟೇ ದುಡ್ಡು, ಸಿ.ಡಿ.ಯಲ್ಲಿರುವುದೆಲ್ಲ ಉಚಿತ ಎಂದೆ. ಅಲ್ಲೇ ಕೆಟ್ಟಿತು.

“ಯಾರು ಮಾಡಿದ್ದು ಇವನ್ನೆಲ್ಲ?”

“ಯಾವ್ಯಾವ ದೇಶದವರೋ. ನನಗೂ ಗೊತ್ತಿಲ್ಲ.”

“ದುಡ್ಡೇ ತಗೊಳ್ದೇ ಇರೋರ್ನ, ನಾಳೆ ಕೆಟ್ಟೋದ್ರೆ ಯಾವ ಬಾಯಲ್ಲಿ ಕೇಳ್ಲಿ? ಸಿ.ಡಿ.ಗೂ ಒಂದು ಬೆಲೆ ಹೇಳಿ. ಇಲ್ದಿದ್ರೆ ಪೆಟ್ಟಿಗೆ ವಾಪಸ್ ತಗೊಂಡೋಗಿ.”

ಆ ತಿಂಗಳು ನಮ್ಮ ಅಂಗಡಿ ಮಾರಿದ್ದು ಅದೊಂದೇ ಪೆಟ್ಟಿಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕೈ ಮೇಲೆ ಟವೆಲ್ ಹಾಕಿ, ಕೆಳಗಿನಿಂದ ಬೆರಳು ಹಿಡಿದರು. ರೇಷ್ಮೆ ವ್ಯಾಪಾರದಲ್ಲಿ ಬೆಲೆ ಹೀಗೆ ಗುಟ್ಟಾಗಿ ಬೆರಳಲ್ಲೇ ಕುದುರುತ್ತದೆ ಎಂದು ಓದಿದ್ದೆ. ಬೆರಳಿಗೆ ಎಷ್ಟು ಎಂದು ಓದಿರಲಿಲ್ಲ. ಗಾಬರಿಯಲ್ಲಿ ಕೈ ಪೂರ್ತಿ ಬಿಚ್ಚಿಟ್ಟೆ. ಅವರು ತಲೆ ಅಲ್ಲಾಡಿಸುತ್ತಾ ಒಂದೊಂದೇ ಬೆರಳು ಮಡಚಿ, ಕಿರುಬೆರಳೊಂದನ್ನು ಉಳಿಸಿದರು. ಏನಕ್ಕೆಂದು ತಿಳಿಯದೆಯೇ ಹೂಂ ಎಂದೆ.

ಬಾಗಿಲಲ್ಲಿ ನಿಂತಿದ್ದ ಅವರ ಅಣ್ಣ ಕೇಳಿದರು: “ಎಷ್ಟಕ್ಕೆ ಮುಗೀತೋ?”

“ಐದು ಅಂತ ಕೂತಿದ್ರು ಕಣಣ್ಣ. ಒಂದಕ್ಕೆ ಇಳಿಸ್ದೆ.”

ಸಾವಿರವೋ, ನೂರೋ ಎಂದು ನಾನೂ ಕಾದೆ. ಕೃಷ್ಣಪ್ಪ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟರು.

ಅಣ್ಣ ಅದನ್ನು ನೋಡಿ, “ಎಂಟಾಣೆಗೇ ಬರ್ತಿದ್ರು ಬಿಡು,” ಎಂದರು.