ಒಂದು ತೋಳಿನ ಸಾಹೇಬ

ನನ್ನ ಹೆಂಡತಿಯ ತಮ್ಮ ನಡುರಸ್ತೆಯಲ್ಲಿ ನನ್ನಿಂದ ಸೆಲ್ಯೂಟ್ ಹೊಡೆಸಿಕೊಂಡಿದ್ದಾನೆ. ಆ ಉರಿ ಇನ್ನೂ ಆರಿಲ್ಲ.

ಅವನು ದರ್ಜಿ. ಮೀಸೆ ಮೂಡುವ ಮೊದಲೇ ಮಷಿನ್ ತುಳಿಯಲು ಕೂತವನು. ಈಗ ಠಾಣೆಯವರ ಖಾಕಿಯೆಲ್ಲ ಅವನದೇ ಹೊಲಿಗೆ. ಮನೆಯಲ್ಲಿ ಬೆಕ್ಕು ಹಾಲಿಗೆ ಬಾಯಿ ಹಾಕಿದರೆ, ಅದು ಕುಡಿದು ಮುಗಿಸಲಿ ಎಂದು ಕಾಯುವ ಪ್ರಾಣಿ. ಇನ್ಸ್‌ಪೆಕ್ಟರಿಗೆ ಟ್ರಯಲ್ ನೋಡಲು ಬರುವಷ್ಟು ಪುರುಸೊತ್ತಿಲ್ಲ. ಇಬ್ಬರದೂ ಒಂದೇ ಅಳತೆ. ಹಾಗಾಗಿ ಅವರ ಅಂಗಿಯನ್ನು ಇವನೇ ತೊಟ್ಟು, ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿ, ಆಮೇಲೆ ಕೊನೆಯ ಹೊಲಿಗೆ ಹಾಕುವುದು ರೂಢಿ.

ಅವತ್ತು ಅವನ ಅಂಗಡಿ ಮುಂದೆ ನನ್ನ ಸಾಮಾನು ಗಾಡಿಗೂ ಒಂದು ಕಾರಿಗೂ ಮೂತಿಗೆ ಮೂತಿ. ನಾನು ಹಿಂದೆ ಸರಿಯುವವನಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕಾರಿನವನ ವಂಶವನ್ನೆಲ್ಲ ವಿಚಾರಿಸುತ್ತಿದ್ದಾಗ ಎದುರಿಗೆ ಖಾಕಿ ಕಂಡಿತು.

"ಗಾಡಿ ಹಿಂದೆ ತಗೊಳ್ಳಿ."

ಕೈ ತಾನಾಗಿಯೇ ಹಣೆಗೆ ಹೋಯಿತು. "ತಗೊಂಡೆ ಸಾರ್" ಅಂದು ಬೀದಿಯ ತುದಿವರೆಗೂ ಹಿಂದಕ್ಕೆ ಹೋದೆ.

ಇದನ್ನು ನೋಡಿದ ಹೊಸ ಕಾನ್‌ಸ್ಟೇಬಲ್ ಒಬ್ಬ ಆ ಖಾಕಿ ತೊಟ್ಟವನನ್ನು ಠಾಣೆಗೆ ನಡೆಸಿಕೊಂಡು ಹೋದ. ಸಾಹೇಬರೇ ಕಾನ್‌ಸ್ಟೇಬಲ್‌ನನ್ನು ಕರೆದೊಯ್ಯುತ್ತಿದ್ದಾರೆ ಎಂದುಕೊಂಡು ಜನ ದಾರಿ ಬಿಟ್ಟರಂತೆ.

ಹೆಂಡತಿ ಫೋನ್ ಮಾಡಿದಳು. "ಪೊಲೀಸ್ ವೇಷ ಹಾಕಿದ್ದಕ್ಕೆ ನನ್ನ ತಮ್ಮನಿಗೆ ಜೈಲಂತೆ ರೀ. ಬಿಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ನೀವೂ ಬರಬೇಡಿ." ಆ ಸಾಹೇಬ ಯಾರೆಂದು ನನ್ನ ತಲೆಗೆ ಹೊಳೆದದ್ದು ಆಗ.

ಠಾಣೆಗೆ ಓಡಿಹೋಗಿ ನಡೆದದ್ದು ಹೇಳಿದೆ. ಇನ್ಸ್‌ಪೆಕ್ಟರ್ ನಗಲಿಲ್ಲ. "ತೊಟ್ಟು ನೋಡಿದ್ದು ತಪ್ಪಲ್ಲ. ಜನ ಪೊಲೀಸ್ ಅಂತ ನಂಬಲಿ ಅಂತ ತೊಟ್ಟಿದ್ರೆ ಕೇಸು. ತಾನು ಪೊಲೀಸ್ ಅಂದ್ನಾ?"

"ಇಲ್ಲ ಸಾರ್."

"ಮತ್ತೆ ಸೆಲ್ಯೂಟ್ ಯಾಕೆ ಹೊಡೆದೆ?"

ಅವನೇ ಗದರಿಸಿ ಹೊಡೆಸಿದ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹಾಗಂದಿದ್ದರೆ ಮಾನ ಉಳಿಯುತ್ತಿತ್ತು, ಭಾವಮೈದ ಉಳಿಯುತ್ತಿರಲಿಲ್ಲ.

"ಬಟ್ಟೆ ನೋಡಿದೆ ಸಾರ್. ಮುಖ ನೋಡಲಿಲ್ಲ."

"ಕೊರಳಲ್ಲಿ ಟೇಪು. ಅಂಗಿಗೆ ಎಡ ತೋಳೇ ಇಲ್ಲ. ಕಾಲಲ್ಲಿ ಚಪ್ಪಲಿನೂ ಇಲ್ಲ. ಏನೂ ಕಾಣಲಿಲ್ವಾ?"

"ಕೋಪದಲ್ಲಿದ್ದೆ ಸಾರ್."

ಹಿಂದೆ ಕಾನ್‌ಸ್ಟೇಬಲ್ ಕಿಸಕ್ಕೆಂದ. ಇನ್ಸ್‌ಪೆಕ್ಟರ್ ಭಾವಮೈದನ ಮೈಮೇಲಿನ ಅಂಗಿ ಬಿಚ್ಚಿಸಿ ಅವನ ಕೈಗೇ ಕೊಟ್ಟರು. "ನಾಳೆಗೆ ತೋಳು ಹಚ್ಚಿ ಕೊಡು. ಇನ್ನೊಂದ್ಸಲ ಇದನ್ನ ತೊಟ್ಟು ಹೊಸ್ತಿಲು ದಾಟಿದ್ರೆ ನಾನೇ ಒಳಗೆ ಹಾಕ್ತೀನಿ."

ಬನಿಯನ್ನಿನಲ್ಲೇ ಹೊರಗೆ ಬಂದವನನ್ನು ಕೇಳಿದೆ, "ನಾನು ಅಂತ ಗೊತ್ತಾಗಲಿಲ್ವೇನೋ?"

"ಗೊತ್ತಾಯ್ತು ಭಾವ. ನೀವು ಯಾವತ್ತು ನನ್ನ ಮಾತು ಕೇಳಿದ್ರಿ? ಇವತ್ತು ಕೇಳಿದ್ರಲ್ಲ ಅಂತ ಖುಷಿಯಾಗಿ ಸುಮ್ಮನಾದೆ."

"ನನ್ನ ಸೆಲ್ಯೂಟ್ ವಾಪಸ್ ಹೊಡಿ."

"ಖಾಕಿ ಇಲ್ಲದೆ ಹೇಗೆ ಭಾವ? ತೊಟ್ಟು ಹೊರಗೆ ಬಂದ್ರೆ ಕೇಸು."

ಅಂಗಡಿಯೊಳಗೇ ಹೊಡಿ ಅಂದರೆ ಕೈಯಲ್ಲಿ ಕತ್ತರಿ ಇದೆ ಅನ್ನುತ್ತಾನೆ. ಬಾಕಿ ಹಾಗೇ ಇದೆ.